ಕೊನೇ ಕಾರು, ಆದ್ರೆ ಕೊನೇದಲ್ಲ

ಇವತ್ತಿನ ಕಥೆ ಕಾರಿನದ್ದು. ಆದ್ರೆ ನಾನು ಬಿ.ಕಾಂ. ಓದಿದವನು, ಹಾಗಾಗಿ ಮಾತು ದುಡ್ಡಿನ ಕಡೆಗೇ ವಾಲುತ್ತೆ, ಬೇಜಾರು ಮಾಡ್ಕೋಬೇಡಿ.

1976ರ ಕ್ಯಾಡಿಲಾಕ್ ಎಲ್ಡೊರಾಡೊ ಕನ್ವರ್ಟಿಬಲ್. ಬಟ್ಟೆಯ ಚಾವಣಿ ಮಡಚಿಟ್ಟು ಬಯಲಲ್ಲಿ ಕೂತ ಹಾಗೆ ಓಡಿಸೋ ಕಾರು. ಉದ್ದ ಹತ್ತಿರ ಹತ್ತಿರ 19 ಅಡಿ. ನಮ್ಮನೇಲಿದ್ದ ಮಾರುತಿ 800 ಇದ್ದದ್ದೇ 11 ಅಡಿ! ಎಂಜಿನ್ 8.2 ಲೀಟರ್. ಪೆಟ್ರೋಲ್ ಲೆಕ್ಕ ಕೇಳಲೇಬೇಡಿ.

ಎಪ್ಪತ್ತರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಇಂಥ ಕಾರುಗಳ ಮಾರಾಟ ಬಿದ್ದುಹೋಗಿತ್ತು. ಕಾರೊಳಗೆ ಎ.ಸಿ. ಬಂದಿತ್ತು, ಹೆದ್ದಾರಿಯ ಗಾಳಿ ಗದ್ದಲ ಯಾರಿಗೆ ಬೇಕು? ಜೊತೆಗೆ, ಕಾರು ಮಗುಚಿದಾಗ ತಲೆ ಕಾಯೋ ಗಟ್ಟಿ ಚಾವಣಿ ಕಡ್ಡಾಯ ಆಗುತ್ತೆ ಅನ್ನೋ ಭಯ. ತೆರೆದ ಕಾರುಗಳ ಮೇಲೆ ಆ ನಿಯಮ ಬರಲೇ ಇಲ್ಲ. ಆದ್ರೆ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು, ಕೊನೆಗೆ ಉಳಿದದ್ದು ಕ್ಯಾಡಿಲಾಕ್.

ಅವರು ಇದನ್ನೇ ಬಂಡವಾಳ ಮಾಡ್ಕೊಂಡ್ರು. ಇದೇ ಅಮೆರಿಕದ ಕೊನೇ ಕನ್ವರ್ಟಿಬಲ್ ಅಂತ ಸಾರಿದ್ರು. ಕೊನೇ 200 ಕಾರುಗಳನ್ನ ಒಂದೇ ಥರ ಮಾಡಿದ್ರು: ಅಪ್ಪಟ ಬಿಳಿ, ಮೇಲೆ ಕೆಂಪು ನೀಲಿ ಗೆರೆ. ಏಪ್ರಿಲ್ 21ರಂದು ಡೆಟ್ರಾಯಿಟ್‌ನಲ್ಲಿ ಕೊನೇದು ಹೊರಬಂತು. ಜನ ಮುಗಿಬಿದ್ರು. ಸುಮಾರು 11,000 ಡಾಲರ್ ಬೆಲೆಯ ಕಾರಿಗೆ ಸಾವಿರಾರು ಡಾಲರ್ ಹೆಚ್ಚಿಗೆ ಕೊಟ್ಟವರಿದ್ರು. ಎಷ್ಟೋ ಜನ ಓಡಿಸಲೇ ಇಲ್ಲ. ಗೋಡೌನಿಗೆ ಹಾಕಿ ಮುಸುಕು ಎಳೆದ್ರು, ನಾಳೆ ಬಂಗಾರ ಆಗುತ್ತೆ ಅಂತ.

1982ರಲ್ಲಿ ಕ್ರೈಸ್ಲರ್ ಲೆಬ್ಯಾರನ್ ಚಾವಣಿ ಬಿಚ್ಕೊಂಡು ಬಂತು. 1984ರ ಮಾಡೆಲ್ ಆಗಿ ಸ್ವತಃ ಎಲ್ಡೊರಾಡೊ ಕನ್ವರ್ಟಿಬಲ್ಲೇ ವಾಪಸ್! ಕೂಡಿಟ್ಟವರು ಮೋಸ ಆಯ್ತು ಅಂತ ಕೋರ್ಟ್ ಮೆಟ್ಟಿಲು ಹತ್ತಿದ್ರು. ಗೆಲ್ಲಲಿಲ್ಲ.

ನನ್ನ ಕೇಳಿದ್ರೆ, ಕಾರು ವಾಪಸ್ ಬರದಿದ್ರೂ ಅವರ ಲೆಕ್ಕ ತಪ್ತಿತ್ತು. 1953ರ ಮೊದಲ ಎಲ್ಡೊರಾಡೊ ತಯಾರಾದದ್ದು 532. ಅದನ್ನ ಕೊಂಡವರು ಓಡಿಸೋಕೆ ಕೊಂಡ್ರು, ಕಾಲಕ್ರಮೇಣ ಬಹಳಷ್ಟು ಗುಜರಿ ಸೇರಿದವು. ಅದಕ್ಕೇ ಉಳಿದವಕ್ಕೆ ಇವತ್ತು ಆ ಬೆಲೆ. 1976ರಲ್ಲಿ ಬಂದದ್ದು 14,000. ಅದರಲ್ಲಿ ಎಷ್ಟೊಂದು ಕಾರುಗಳನ್ನ ಮಗು ಥರ ಜೋಪಾನ ಮಾಡಿದ್ರು ಅಂದ್ರೆ, ಅಪರೂಪ ಆಗೋಕೆ ಅವಕ್ಕೆ ಪುರುಸೊತ್ತೇ ಸಿಗಲಿಲ್ಲ.

ಇನ್ನೊಂದು ತಮಾಷೆ ಇದೆ. ಸುಮ್ಮನೆ ನಿಂತ ಕಾರೂ ಹಾಳಾಗುತ್ತೆ. ಟ್ಯಾಂಕಲ್ಲಿ ಪೆಟ್ರೋಲ್ ಅಂಟಾಗುತ್ತೆ, ರಬ್ಬರ್ ಬಿರಿಯುತ್ತೆ. ಬಂಪರ್‌ಗೂ ಬಾಡಿಗೂ ನಡುವಿನ ಪ್ಲಾಸ್ಟಿಕ್ ತುಂಡುಗಳಂತೂ ಹಪ್ಪಳದ ಹಾಗೆ ಪುಡಿಪುಡಿ. ಚಾವಣಿ ಎತ್ತೋ ಹೈಡ್ರಾಲಿಕ್ ಪಂಪ್, ಒಳಮುಖವಾಗಿ ಮಡಚೋ ಅದರ ಕಬ್ಬಿಣದ ಕೈಗಳು ಸರಿ ಮಾಡೋರಿಗೆ ದೊಡ್ಡ ತಲೆನೋವು. ಬಣ್ಣ, ಕ್ರೋಮು, ಸೀಟಿನ ಚರ್ಮ ಎಲ್ಲ ಹೊಸದು ಮಾಡಿಸಿದ್ರೆ, ಆದ ಖರ್ಚು ಮಾರಿದಾಗ ವಾಪಸ್ ಬರೋದು ಕಷ್ಟ. ಆದ್ರೂ ಮಾಡಿಸೋರು ಇದ್ದಾರೆ. ಅವರು ಗೋಡೌನಿಗೆ ಹಾಕಲ್ಲ. ಭಾನುವಾರ ಚಾವಣಿ ಇಳಿಸಿ ಹೊರಡ್ತಾರೆ.