ಮನೆಯ ತಂಪು ಮತ್ತು ಇಂಧನ ಉಳಿತಾಯ: ಕರ್ನಾಟಕದ ಚರಿತ್ರೆ

ಬಿಸಿಲ ನಾಡಿನಲ್ಲಿ ಆದಷ್ಟು ಕಡಿಮೆ ಇಂಧನ ಬಳಸಿ ಮನೆಯನ್ನು ವಾಸಕ್ಕೆ ಹಿತವಾಗಿಡುವ ಕಟ್ಟಡ ಕ್ರಮ, ಉಪಕರಣ ಮತ್ತು ಕಾನೂನುಗಳು ಬೆಳೆದು ಬಂದ ಬಗೆ ಈ ಲೇಖನದ ವಿಷಯ. ಯುರೋಪು, ಉತ್ತರ ಅಮೆರಿಕಗಳಲ್ಲಿ ಮನೆಯ ಇಂಧನ ಉಳಿತಾಯವೆಂದರೆ ಮುಖ್ಯವಾಗಿ ಚಳಿಗಾಲದ ಶಾಖವನ್ನು ಹೊರಗೆ ಸೋರಗೊಡದಿರುವುದು. 1973ರ ತೈಲ ಬಿಕ್ಕಟ್ಟಿನ ಬಳಿಕ ಅಲ್ಲಿ ಗೋಡೆ, ಕಿಟಕಿಗಳ ನಿಯಮಗಳು ಬಿಗಿಯಾದವು. ಕರ್ನಾಟಕದ ಮಟ್ಟಿಗೆ ಕಾಯಿಸಬೇಕಾದದ್ದು ಸ್ನಾನದ ನೀರು ಮಾತ್ರ, ಮನೆಯನ್ನು ತಣಿಸಬೇಕು. ಆ ತಂಪಿನಲ್ಲೂ ಒಂದೇ ರಾಜ್ಯದೊಳಗೆ ಎರಡು ವಿರುದ್ಧ ವಿದ್ಯೆಗಳಿವೆ. ಬಯಲುಸೀಮೆಯಲ್ಲಿ ಬೇಸಿಗೆಯ ಹಗಲಿಗೂ ರಾತ್ರಿಗೂ 12ರಿಂದ 15 ಡಿಗ್ರಿ ಸೆಲ್ಸಿಯಸ್ ಅಂತರವಿರುತ್ತದೆ, ಗಾಳಿ ಒಣಗಿರುತ್ತದೆ. ಕರಾವಳಿಯಲ್ಲಿ ಆ ಅಂತರ ಇದರ ಅರ್ಧದಷ್ಟು. ಸೆಕೆ ರಾತ್ರಿಯಿಡೀ ಬಿಡುವುದಿಲ್ಲ. ಒಂದೆಡೆ ಕೆಲಸ ಮಾಡುವ ಉಪಾಯ ಇನ್ನೊಂದೆಡೆ ಕೈಕೊಡುತ್ತದೆ. ಇದನ್ನು ಹಳೆಯ ಮನೆಗಳು ಚೆನ್ನಾಗಿ ಬಲ್ಲವು; ಇಂದಿನ ಮನೆಗಳು ಬೀದರಿನಿಂದ ಮಂಗಳೂರಿನವರೆಗೆ ಒಂದೇ ಅಚ್ಚಿನವು.

ಬಯಲುಸೀಮೆಯ ಮಾಳಿಗೆ ಮನೆಯ ಗೋಡೆ ಕಲ್ಲು ಇಲ್ಲವೆ ಮಣ್ಣಿನದು, ಎರಡರಿಂದ ಮೂರು ಅಡಿ ದಪ್ಪ. ತೊಲೆಗಳ ಮೇಲೆ ಜಂತಿ, ಅದರ ಮೇಲೆ ಸೊಪ್ಪು-ಕಡ್ಡಿಯ ಹಾಸು, ಮೇಲೆ ಮಣ್ಣಿನ ದಪ್ಪ ಮುದ್ದೆ, ಕೊನೆಗೆ ನೀರು ಇಳಿಯದಂತೆ ಕರಲು ಮಣ್ಣಿನ ಪದರ. ಬೆಳಕಿಗೆ ಚಾವಣಿಯಲ್ಲೊಂದು ಗವಾಕ್ಷಿ. ಬೀದಿಯ ಕಡೆ ಕಿಟಕಿಗಳು ಸಣ್ಣವು, ಕೆಲವೆಡೆ ಇಲ್ಲವೇ ಇಲ್ಲ. ಹೊರಗಿನ ಶಾಖ ಒಂದೂವರೆ ಅಡಿ ಮಣ್ಣಿನ ಗೋಡೆಯನ್ನು ದಾಟಿ ಒಳಮುಖ ತಲುಪಲು ಹತ್ತು-ಹನ್ನೆರಡು ಗಂಟೆ ಹಿಡಿಯುತ್ತದೆ. ನಡುಹಗಲಿನ ಕಾವು ಒಳಗೆ ಬರುವ ಹೊತ್ತಿಗೆ ನಡುರಾತ್ರಿಯಾಗಿ, ಹೊರಗಿನ ಗಾಳಿ ತಣ್ಣಗಾಗಿರುತ್ತದೆ. ಜನ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿರುತ್ತಾರೆ. ನಾಲ್ಕು ಅಂಗುಲದ ಕಾಂಕ್ರೀಟ್ ಸ್ಲ್ಯಾಬನ್ನು ಅದೇ ಶಾಖ ಮೂರು ಗಂಟೆಯಲ್ಲೇ ದಾಟಿಬಿಡುತ್ತದೆ. ಮಧ್ಯಾಹ್ನ ಕಾದ ಸ್ಲ್ಯಾಬು ಸಂಜೆ ಮನೆಯವರೆಲ್ಲ ಒಳಗಿರುವಾಗಲೇ ತಲೆಯ ಮೇಲೆ ಕಾವು ಸುರಿಯುವುದು ಇದರಿಂದಲೇ.

ಕರಾವಳಿಯ ಉಪಾಯ ಇದಕ್ಕೆ ತಿರುಗಾಮುರುಗಾ. ಅಲ್ಲಿ ಶಾಖವನ್ನು ಹಿಡಿದಿಡುವ ದಪ್ಪ ಚಾವಣಿ ರಾತ್ರಿಯ ಶತ್ರು. ಬೇಕಾದದ್ದು ನೆರಳು, ಗಾಳಿ ಮತ್ತು ಸೂರ್ಯ ಮುಳುಗಿದ ಕೂಡಲೆ ಆರಿಹೋಗುವ ಹಗುರ ಮಾಡು. ಮುಳಿಹುಲ್ಲು, ಅಡಿಕೆ ಸೋಗೆ, ನಾಡಹೆಂಚುಗಳು ಈ ಕೆಲಸ ಮಾಡುತ್ತಿದ್ದವು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಗೆ ಅಡಿಪಾಯ ಹಾಕಿದ್ದು 1865ರಲ್ಲಿ. ನೇತ್ರಾವತಿ ದಂಡೆಯ ಆವೆಮಣ್ಣಿನಿಂದ ಒತ್ತಿ ತೆಗೆದ, ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹೆಂಚು ನಾಡಹೆಂಚಿಗಿಂತ ಹಗುರವಾದ ಮಾಡನ್ನು ಕೊಟ್ಟಿತು, ಪ್ರತಿ ವರ್ಷ ಕೈಯಾಡಿಸುವ ಕೆಲಸವನ್ನು ತಗ್ಗಿಸಿತು. ಅದರ ಸಂದುಗಳಿಂದ ಬಿಸಿಗಾಳಿ ತಾನಾಗಿ ಮೇಲೇರಿ ಹೊರಹೋಗುತ್ತದೆ. ಅನುಕೂಲಸ್ಥರು ಹೆಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಹಾಕಿಸುತ್ತಿದ್ದರು; ನಡುವಿನ ಅಟ್ಟ ಕಾದರೂ ಕೆಳಗಿನ ಕೋಣೆಗೆ ಕಾವು ಇಳಿಯುವುದಿಲ್ಲ. ಗೋಡೆಯನ್ನು ದಾಟಿ ಮುಂದಕ್ಕೆ ಚಾಚಿದ ಇಳಿಮಾಡು ಮಳೆಗೂ ಬಿಸಿಲಿಗೂ ಒಟ್ಟಿಗೆ ತಡೆ. ಹಳೆ ಮೈಸೂರು ಸೀಮೆಯ ತೊಟ್ಟಿ ಮನೆ ಈ ಎರಡರ ನಡುವಿನದು: ಮಣ್ಣಿನ ಗೋಡೆ, ಹೆಂಚಿನ ಇಳಿಜಾರು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ. ರಾತ್ರಿಯ ತಂಪು ಗಾಳಿ ತೊಟ್ಟಿಗೆ ಇಳಿದು ಬೆಳಗಿನವರೆಗೆ ಅಲ್ಲೇ ನಿಲ್ಲುತ್ತದೆ.

ಬ್ರಿಟಿಷರ ಕಾಲದಲ್ಲಿ ಬಂಗಲೆಗಳು ಬಂದವು. ಎತ್ತರದ ಚಾವಣಿ, ಮೇಲ್ಗಡೆ ವೆಂಟಿಲೇಟರ್, ಸುತ್ತ ವರಾಂಡ, ಬೆಂಗಳೂರು ದಂಡಿನ ಪ್ರದೇಶದಲ್ಲಿ ಕಿಟಕಿಯ ಮೇಲೆ ಮರದ ಜಾಲರಿಯ ಮಂಕಿ ಟಾಪ್. ಬೇಸಿಗೆಯಲ್ಲಿ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದು ಉತ್ತರ ಭಾರತದಿಂದ ಬಂದ ರೂಢಿ. ಚಾವಣಿಯಿಂದ ತೂಗುವ ಬಟ್ಟೆಯ ಪಂಖಾವನ್ನು ಹಗ್ಗದಿಂದ ಎಳೆಯಲು ವರಾಂಡದಲ್ಲಿ ಆಳೊಬ್ಬ ಕೂರುತ್ತಿದ್ದ, ರಾತ್ರಿಯಾದರೆ ಇನ್ನೊಬ್ಬ. ಕಲ್ಲಿದ್ದಲೂ ಇಲ್ಲ, ವಿದ್ಯುತ್ತೂ ಇಲ್ಲವೆಂದು ಇದನ್ನು ಇಂಧನ ಖರ್ಚಿಲ್ಲದ ತಂಪು ಎನ್ನಲಾಗದು. ಅಲ್ಲಿ ಸವೆದದ್ದು ಬಡವನ ತೋಳು, ಕೆಟ್ಟದ್ದು ಅವನ ನಿದ್ದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಫ್ಯಾನು ಅದರ ಬೆನ್ನಿಗೆ ಬಂದು ಸಿರಿವಂತರ ಮನೆ, ಕಚೇರಿಗಳಲ್ಲಿ ಪಂಖಾದ ಆಳನ್ನು ಬಿಡುಗಡೆ ಮಾಡಿತು. ಫ್ಯಾನು ಗಾಳಿಯನ್ನು ತಣಿಸುವುದಿಲ್ಲ. ಬೆವರನ್ನು ಬೇಗ ಆರಿಸಿ ಮೈಯನ್ನು ತಣಿಸುತ್ತದೆ. ಆದ್ದರಿಂದ ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗಿದರೆ ಒಂದು ಚೂರೂ ಪ್ರಯೋಜನವಿಲ್ಲ.

ಹವೆಗೆ ತಕ್ಕ ಮನೆ ಎಂಬುದು ಶಾಸ್ತ್ರವಾಗಿ ರೂಪುಗೊಳ್ಳುವುದರಲ್ಲಿ ಬೆಂಗಳೂರಿಗೆ ಒಂದು ಪಾಲಿದೆ. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡ ಯಹೂದಿ ವಾಸ್ತುಶಿಲ್ಪಿ ಒಟ್ಟೊ ಕ್ಯೋನಿಗ್ಸ್‌ಬರ್ಗರ್ ಈಜಿಪ್ಟಿನಲ್ಲಿ ಕೆಲಕಾಲ ಇದ್ದು 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗದ ಕಟ್ಟಡ, ಊಟದ ಹಾಲ್ ಮುಂತಾದವು ಅವನವು. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರದ ವಸತಿ ನಿರ್ದೇಶಕನಾಗಿದ್ದು, ಆಮೇಲೆ ಲಂಡನ್ನಿಗೆ ಹೋಗಿ ಉಷ್ಣವಲಯದ ವಾಸ್ತುಶಿಲ್ಪವನ್ನು ಕಲಿಸಿದ. ಅವನು ಸಹಲೇಖಕರೊಂದಿಗೆ 1974ರಲ್ಲಿ ಹೊರತಂದ ಉಷ್ಣವಲಯದ ವಸತಿ ಮತ್ತು ಕಟ್ಟಡ ಕೈಪಿಡಿ ಏಷ್ಯಾ, ಆಫ್ರಿಕಗಳ ಹಲವು ವಾಸ್ತುಶಿಲ್ಪ ಶಾಲೆಗಳಲ್ಲಿ ಪಠ್ಯವಾಯಿತು. ಸೂರ್ಯನ ಹಾದಿ, ಗಾಳಿಯ ದಿಕ್ಕು, ತೇವಾಂಶಗಳನ್ನು ಮೊದಲು ಲೆಕ್ಕ ಹಾಕಿ ನಂತರ ನಕ್ಷೆ ಬರೆಯಬೇಕೆಂಬುದು ಅದರ ತಿರುಳು.

ಈ ಲೆಕ್ಕವನ್ನು ಬೆಂಗಳೂರಿಗೇ ಹಾಕಿ ನೋಡಬಹುದು. ನಗರ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನಡುವಿನ ತಿಂಗಳುಗಳಲ್ಲಿ ತುಸು ಉತ್ತರಕ್ಕೆ. ಬೇಸಿಗೆಯಲ್ಲಿ ದಕ್ಷಿಣದ ಗೋಡೆಗೆ ಬಿಸಿಲು ಹೆಚ್ಚು ತಾಕುವುದಿಲ್ಲ. ಪೂರ್ವ-ಪಶ್ಚಿಮದ ಗೋಡೆಗಳು ಓರೆ ಬಿಸಿಲಿಗೆ ಕಾಯುತ್ತವೆ, ಎಲ್ಲಕ್ಕಿಂತ ಹೆಚ್ಚು ಕಾಯುವುದು ಚಾವಣಿ. ಮನೆಯ ತಂಪಿಗೆ ಹಣ ಹಾಕುವುದಾದರೆ ಮೊದಲ ರೂಪಾಯಿ ಚಾವಣಿಗೆ, ಎರಡನೆಯದು ಪಶ್ಚಿಮದ ಕಿಟಕಿಯ ಹೊರಗಿನ ನೆರಳಿಗೆ ಹೋಗಬೇಕು. ಗಾಜಿನ ಒಳಗಿನ ಪರದೆ ಬೆಳಕನ್ನು ತಡೆದೀತು. ಗಾಜು ದಾಟಿದ ಶಾಖ ಆಗಲೇ ಒಳಗೆ ಬಂದಾಗಿರುತ್ತದೆ.

1974ರಲ್ಲಿ ವಿಜ್ಞಾನ ಸಂಸ್ಥೆಯಲ್ಲೇ ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ‘ಅಸ್ತ್ರ’ ಶುರುವಾಯಿತು. ಗ್ರಾಮಗಳಿಗೆ ಒಗ್ಗುವ ತಂತ್ರಜ್ಞಾನ ಅದರ ಗುರಿ. ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆ ರಾಜ್ಯದ ಅಡುಗೆಮನೆಗಳಿಗೆ ಹೋಯಿತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆಯನ್ನು ರೂಢಿಗೆ ತಂದರು. ಇದು ಉಳಿಸುವುದು ಮುಖ್ಯವಾಗಿ ಇಟ್ಟಿಗೆ ಗೂಡಿನ ಸೌದೆ, ಕಲ್ಲಿದ್ದಲನ್ನು. ಮನೆ ಎಷ್ಟು ತಂಪಾಗಿರುತ್ತದೆ ಎಂಬುದು ಗೋಡೆಯ ದಪ್ಪ ಮತ್ತು ನೆರಳಿಗೆ ಬಿಟ್ಟದ್ದು. ಎರಡೂ ಉಳಿತಾಯಗಳು ಬೇರೆಬೇರೆ, ಎರಡೂ ಬೇಕು.

ಕೇರಳದಲ್ಲಿ ನೆಲೆಸಿದ ಲಾರಿ ಬೇಕರ್ ಇದೇ ಕಾಲದಲ್ಲಿ ಬಳಕೆಗೆ ತಂದ ಎರಡು ಕ್ರಮಗಳು ಬೆಂಗಳೂರಿನ ಮೇಸ್ತ್ರಿಗಳ ಕೈಗೂ ಬಂದವು. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ರ‍್ಯಾಟ್ ಟ್ರ್ಯಾಪ್ ಕಟ್ಟಣೆಯಲ್ಲಿ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ, ಪೊಳ್ಳಿನ ಗಾಳಿ ಶಾಖಕ್ಕೆ ಅಡ್ಡವಾಗುತ್ತದೆ. ಫಿಲ್ಲರ್ ಸ್ಲ್ಯಾಬ್ ಇನ್ನೂ ಚೆಂದ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟ್ ಹೆಚ್ಚು ಭಾರ ಹೊರುವುದಿಲ್ಲ. ಕಬ್ಬಿಣದ ಸರಳುಗಳ ನಡುವಿನ ಆ ಜಾಗಕ್ಕೆ ಎರಡೆರಡು ಮಂಗಳೂರು ಹೆಂಚುಗಳನ್ನು ಒಂದರ ಮೇಲೊಂದು ಇಟ್ಟು ಮೇಲೆ ಕಾಂಕ್ರೀಟ್ ಹಾಕುತ್ತಾರೆ. ಕಾಂಕ್ರೀಟ್ ಉಳಿಯುತ್ತದೆ, ಹೆಂಚುಗಳ ನಡುವೆ ಸಿಕ್ಕ ಗಾಳಿ ಕಾವನ್ನು ತಡೆಯುತ್ತದೆ. ಹೊಸ ಮನೆಗಳಿಗೆ ಸ್ಲ್ಯಾಬು ಬಂದು ಬೇಡವಾದ ಹೆಂಚು, ಆ ಸ್ಲ್ಯಾಬಿನ ಹೊಟ್ಟೆಯಲ್ಲೇ ಮತ್ತೆ ಕೆಲಸಕ್ಕೆ ಕೂತಿತು.

ಅಷ್ಟರಲ್ಲಿ ಕಾಂಕ್ರೀಟ್ ಚಾವಣಿ ಹಳ್ಳಿಗಳಿಗೂ ತಲುಪಿತ್ತು. ಜನ ಅದನ್ನು ಬಯಸಿದ್ದು ಅಕಾರಣವಾಗಿ ಅಲ್ಲ: ಕರಲು ಮಣ್ಣು ಮೆತ್ತುವ ಕೆಲಸವಿಲ್ಲ, ಸೋರುವ ಭಯವಿಲ್ಲ, ಮುಂದೆ ಮಹಡಿ ಏರಿಸಬಹುದು. 2009ರ ಅಕ್ಟೋಬರ್ ಆರಂಭದ ಮಹಾಮಳೆಗೆ ಉತ್ತರ ಕರ್ನಾಟಕದಲ್ಲಿ ಲೆಕ್ಕವಿಲ್ಲದಷ್ಟು ಮಣ್ಣಿನ ಮನೆಗಳು ಕುಸಿದವು. ಮನೆ ಕಳೆದುಕೊಂಡವರಿಗೆ ‘ಆಸರೆ’ ಯೋಜನೆಯಲ್ಲಿ ಕಟ್ಟಿಕೊಟ್ಟ ಮನೆಗಳು ತೆಳು ಗೋಡೆಯ ಗಟ್ಟಿ ಮನೆಗಳು. ಮಳೆಯಿಂದ ಕಾಪಾಡುವ ಚಾವಣಿಯೇ ಬೇಸಿಗೆಯಲ್ಲಿ ಸುಡುವ ಚಾವಣಿಯಾಗದಂತೆ ನೋಡಿಕೊಳ್ಳುವುದು ಕಷ್ಟವಿರಲಿಲ್ಲ. ಮೇಲೆ ಒಂದು ಪದರ ಸುಣ್ಣ ಬಳಿದರೂ ಬಿಸಿಲಿನ ದೊಡ್ಡ ಪಾಲು ಬಂದ ದಾರಿಗೇ ಹಿಂತಿರುಗುತ್ತದೆ. ಪುನರ್ವಸತಿಯ ಯೋಜನೆಗಳಲ್ಲಿ ಈ ಮಾತು ಮೊದಲ ಸಾಲಿನಲ್ಲಿ ಇರಬೇಕು.

ಒಣಹವೆಯ ಕಲಬುರಗಿ, ರಾಯಚೂರು, ವಿಜಯಪುರಗಳಲ್ಲಿ ಏರ್ ಕೂಲರ್ ಒಳ್ಳೆಯ ಆಸರೆ. ಅದರ ತತ್ವ ಲಾವಂಚದ ತಟ್ಟಿಯದೇ: ನೀರು ಆವಿಯಾಗುವಾಗ ಗಾಳಿಯ ಶಾಖ ಹೀರುತ್ತದೆ. ಹೊರಗೆ 40 ಡಿಗ್ರಿ, ತೇವಾಂಶ ಶೇ. 20 ಇದ್ದರೆ ಒಳ್ಳೆಯ ಕೂಲರಿನ ಗಾಳಿ 26 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಖರ್ಚು 150ರಿಂದ 200 ವಾಟ್. ಮಂಗಳೂರಿನ 34 ಡಿಗ್ರಿ, ಶೇ. 70 ತೇವಾಂಶದಲ್ಲಿ ಅದೇ ಕೂಲರ್ ನಾಲ್ಕು ಡಿಗ್ರಿ ಇಳಿಸಿದರೆ ಹೆಚ್ಚು. ಕೋಣೆಗೆ ಇನ್ನಷ್ಟು ತೇವ ತುಂಬಿ ಸೆಕೆಯನ್ನು ಹೆಚ್ಚಿಸುತ್ತದೆ. ಒಂದೂವರೆ ಟನ್ನಿನ ಏರ್ ಕಂಡಿಷನರ್ ಪೂರ್ಣ ಹೊರೆಯಲ್ಲಿ ಸುಮಾರು 1,500 ವಾಟ್ ಎಳೆಯುತ್ತದೆ.

ಏರ್ ಕಂಡಿಷನರ್ ಬಹುಕಾಲ ಸಿನಿಮಾ ಮಂದಿರ, ದೊಡ್ಡ ಕಚೇರಿಗಳ ವಸ್ತುವಾಗಿತ್ತು. ಉದಾರೀಕರಣದ ನಂತರ ಮನೆಗಳಿಗೆ ಬಂತು. 2001ರ ಇಂಧನ ಸಂರಕ್ಷಣಾ ಕಾಯ್ದೆಯಂತೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. 2006ರಲ್ಲಿ ಉಪಕರಣದ ದಕ್ಷತೆಯನ್ನು ತೋರಿಸುವ ನಕ್ಷತ್ರದ ಚೀಟಿ ಬಂದು, 2010ರಿಂದ ರೂಮ್ ಏ.ಸಿ.ಗಳಿಗೆ ಕಡ್ಡಾಯವಾಯಿತು. ಮಟ್ಟವನ್ನು ಆಗಾಗ ಏರಿಸುತ್ತಾರೆ: ಸ್ಪ್ಲಿಟ್ ಏ.ಸಿ.ಯಲ್ಲಿ ಐದು ನಕ್ಷತ್ರಕ್ಕೆ 2018ರಲ್ಲಿ ಬೇಕಿದ್ದ ದಕ್ಷತಾಂಕ 4.5, ಅದು 2022ರ ಜುಲೈಯಲ್ಲಿ 5ಕ್ಕೆ ಏರಿತು. ಹಳೆಯ ಐದು ನಕ್ಷತ್ರವೂ ಹೊಸ ಐದು ನಕ್ಷತ್ರವೂ ಒಂದಲ್ಲ, ಕೊಳ್ಳುವಾಗ ಚೀಟಿಯ ಮೇಲಿನ ವರ್ಷ ನೋಡಬೇಕು. ಚೀಟಿಯಲ್ಲಿರುವ ವಾರ್ಷಿಕ ಯೂನಿಟ್ ಲೆಕ್ಕ ವರ್ಷಕ್ಕೆ 1,600 ಗಂಟೆಗಳ ಬಳಕೆಗೆ ಹಾಕಿದ್ದು. 2020ರ ಜನವರಿಯಿಂದ ಹೊಸ ಏ.ಸಿ. ಆನ್ ಮಾಡಿದಾಗ ತಾನಾಗಿ 24 ಡಿಗ್ರಿಯಲ್ಲಿ ನಿಲ್ಲಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂಬುದು ಬ್ಯೂರೋದ ಎಣಿಕೆ.

ಕೋಟ್ಯಂತರ ಮನೆಗಳಲ್ಲಿ ತಿರುಗುವ ಫ್ಯಾನಿಗೆ ಚೀಟಿ ಕಡ್ಡಾಯವಾದದ್ದು ಮಾತ್ರ 2023ರಲ್ಲಿ. 2019ರ ಭಾರತ ತಂಪು ಕ್ರಿಯಾ ಯೋಜನೆಯ ಪ್ರಕಾರ ಆಗ ಏ.ಸಿ. ಇದ್ದದ್ದು ದೇಶದ ಶೇ. 8ರಷ್ಟು ಮನೆಗಳಲ್ಲಿ; ಉಳಿದವರಿಗೆ ಫ್ಯಾನೇ ಗತಿ. ಹಾಗಿರುವಾಗ ಫ್ಯಾನು ಏ.ಸಿ.ಗಿಂತ ಹದಿಮೂರು ವರ್ಷ ಹಿಂದೆ ಬಿದ್ದದ್ದು ತಪ್ಪು ಸರದಿ. ಸಾಮಾನ್ಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ತಿನ್ನುತ್ತದೆ, ಬಿ.ಎಲ್.ಡಿ.ಸಿ. (ಬ್ರಷ್ ಇಲ್ಲದ) ಮೋಟಾರಿನದು 30ರ ಆಸುಪಾಸು. ನಾಲ್ಕು ಫ್ಯಾನುಗಳು ದಿನಕ್ಕೆ 12 ಗಂಟೆ ತಿರುಗುವ ಮನೆಯಲ್ಲಿ ತಿಂಗಳಿಗೆ 65 ಯೂನಿಟ್ ಉಳಿತಾಯ. ರಾಜ್ಯ ಸರ್ಕಾರದ 2023ರ ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ. 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ ಬಿಲ್ಲು ಮನ್ನಾ ಆಗುವುದರಿಂದ, ಆ ಗಡಿಯ ಬಳಿ ಇರುವ ಕುಟುಂಬಕ್ಕೆ ಈ 65 ಯೂನಿಟ್ ದೊಡ್ಡದು.

ನೀರು ಕಾಯಿಸುವ ವಿಷಯದಲ್ಲಿ ರಾಜ್ಯ ಬೇಗ ಎಚ್ಚೆತ್ತಿತು. ಬಚ್ಚಲೊಲೆಯ ಹಂಡೆ ಹೋಗಿ ಗೀಸರ್ ಬಂದ ಮನೆಯಲ್ಲಿ 100 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ಬೇಕು. ಅದನ್ನು ಬಿಸಿಲೇ ಮಾಡಬಲ್ಲದು. ಸೋಲಾರ್ ವಾಟರ್ ಹೀಟರ್ ಇದ್ದ ಮನೆಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ, 2007ರಲ್ಲಿ ನಗರಗಳ ಹೊಸ ಮನೆಗಳಿಗೆ ಅದನ್ನು ಕಡ್ಡಾಯಗೊಳಿಸಿದ ಆದೇಶ, ಎರಡೂ ಸೇರಿ ಬೆಂಗಳೂರಿನ ಮಹಡಿಗಳ ಮೇಲೆ ಟ್ಯಾಂಕುಗಳ ಸಾಲನ್ನೇ ನಿಲ್ಲಿಸಿದವು. ಸರ್ಕಾರ ಮನಸ್ಸು ಮಾಡಿದರೆ ಚಾವಣಿಯ ಮೇಲೆ ಏನನ್ನಾದರೂ ತರಿಸಬಹುದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಚಾವಣಿಯ ತಂಪಿಗೆ ಕಾನೂನು ಬಂದದ್ದು ತಡವಾಗಿ. 2007ರ ಕಟ್ಟಡ ಸಂಹಿತೆ ವಾಣಿಜ್ಯ ಕಟ್ಟಡಗಳಿಗೆ ಮಾತ್ರ. ಮನೆಗಳ ‘ಇಕೋ ನಿವಾಸ್ ಸಂಹಿತಾ’ ಹೊರಬಂದದ್ದು 2018ರ ಡಿಸೆಂಬರ್‌ನಲ್ಲಿ. ಗೋಡೆ-ಕಿಟಕಿಗಳ ಮೂಲಕ ಒಳಬರುವ ಶಾಖ ಸರಾಸರಿ ಚದರ ಮೀಟರಿಗೆ 15 ವಾಟ್ ಮೀರಬಾರದು. ಚಾವಣಿಯ ಮೂಲಕ, ಒಳಗೂ ಹೊರಗೂ ಪ್ರತಿ ಡಿಗ್ರಿ ಅಂತರಕ್ಕೆ, ಚದರ ಮೀಟರಿಗೆ 1.2 ವಾಟ್ ಮೀರಬಾರದು. ಬರೀ ಕಾಂಕ್ರೀಟ್ ಸ್ಲ್ಯಾಬಿನಲ್ಲಿ ಇದರ ಮೂರು ಪಟ್ಟಿನಷ್ಟು ಹರಿಯುತ್ತದೆ. ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿಯನ್ನೇ ತಂದಿತು. ಬೆಂಗಳೂರು ಈ ಸಂಹಿತೆಗಳಲ್ಲಿ ಸಮಶೀತೋಷ್ಣ ವಲಯದ ಮಾದರಿ ನಗರ. ಆದರೆ 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ದಾಖಲಾಯಿತು.

ಮನೆಗಳ 2018ರ ಸಂಹಿತೆ ಅನ್ವಯಿಸುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. 60×80 ಅಡಿಯ ಸೈಟೂ ಇದರೊಳಗೆ ಬರುವುದಿಲ್ಲ. 30×40 ಸೈಟು 111 ಚದರ ಮೀಟರ್ ಅಷ್ಟೇ. 2022ರ ತಿದ್ದುಪಡಿ ವಸತಿ ಕಟ್ಟಡಗಳನ್ನು ಇಂಧನ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ತಂದರೂ ಅದರ ದೃಷ್ಟಿ 100 ಕಿಲೋವಾಟ್ ಮತ್ತು ಹೆಚ್ಚಿನ ವಿದ್ಯುತ್ ಹೊರೆಯ ಸಮುಚ್ಚಯಗಳ ಮೇಲಿದೆ. ಮಿತಿ ಇಳಿಸುವ ಅಧಿಕಾರ ರಾಜ್ಯಗಳಿಗೆ ಇದೆ. ಸಣ್ಣ ಸೈಟಿನ ಮನೆಗೆ ಫಿಲ್ಲರ್ ಸ್ಲ್ಯಾಬ್ ಬೇಕೇ, ಪಶ್ಚಿಮಕ್ಕೆ ಸಜ್ಜಾ ಎಷ್ಟು ಉದ್ದ, ತಾರಸಿಗೆ ಬಿಳಿ ಬಣ್ಣವೇ ಎಂಬುದನ್ನು ಇಂದಿಗೂ ಕಟ್ಟಿಸುವವರೂ ಮೇಸ್ತ್ರಿಯೂ ಕೂತು ತೀರ್ಮಾನಿಸುತ್ತಾರೆ.