ಅಂಗದಿಂದ ಚೇತನಕ್ಕೆ

ಸರ್ಕಾರಿ ಅರ್ಜಿಗಳಲ್ಲಿಯೂ ಬಸ್ಸಿನ ಆಸನಗಳ ಮೇಲೆಯೂ ಇಂದು ನಿತ್ಯ ಕಣ್ಣಿಗೆ ಬೀಳುವ ‘ವಿಕಲಚೇತನ’ ಎಂಬ ಪದವು ಸದುದ್ದೇಶದಿಂದಲೇ ಜನಿಸಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಕುರುಡ, ಕುಂಟ, ಕಿವುಡ ಎಂಬ ಬಳಕೆಯ ಮಾತುಗಳು ಮೂಲತಃ ದೇಹಸ್ಥಿತಿಯೊಂದನ್ನು ಸೂಚಿಸುವ ಶಬ್ದಗಳಷ್ಟೇ ಆಗಿದ್ದರೂ, ಜಗಳದಲ್ಲಿ ಬೈಗುಳಾಗಿ, ಗಾದೆಯಲ್ಲಿ ಕುಚೋದ್ಯವಾಗಿ, ಓಣಿಯಲ್ಲಿ ಅಡ್ಡಹೆಸರಾಗಿ ತಲೆಮಾರುಗಳ ಪರ್ಯಂತ ಪ್ರಯೋಗಗೊಂಡು ಅವಮಾನದ ಕಿಲುಬು ಹಿಡಿದುದರಿಂದ, ಆಡಳಿತದ ಕನ್ನಡವು ಸಂಸ್ಕೃತದ ಮೊರೆಹೊಕ್ಕು ಮೊದಲು ‘ಅಂಗವಿಕಲ’ವೆಂದಿತು, ಅದರಲ್ಲಿಯೂ ಕುಂದು ಕಂಡು ಬಳಿಕ ‘ವಿಕಲಚೇತನ’ವೆಂದಿತು, ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲಿಯೇ ಆ ಪದವನ್ನು ಪ್ರತಿಷ್ಠಾಪಿಸಿತು.

ಆದರೆ ಸಮಾಸವನ್ನು ಬಿಡಿಸಿ ನೋಡಿದವರಿಗೆ ನೋವಾಗದೆ ಇರದು. ಚಂದ್ರನಿಗೆ ಹದಿನಾರು ಕಲೆಗಳೆನ್ನುವಾಗ ಕಲೆಯೆಂದರೆ ಅಂಶ. ಅಂಶವೊಂದು ಲುಪ್ತವಾದುದು ವಿಕಲ. ‘ಅಂಗವಿಕಲ’ದಲ್ಲಿ ಆ ಲೋಪವು ಕೇವಲ ಅಂಗದ್ದು. ‘ವಿಕಲಚೇತನ’ವಾದರೋ ಬಹುವ್ರೀಹಿ: ವಿಕಲವಾದ ಚೇತನವುಳ್ಳವರು ಯಾರೋ ಅವರು. ಕಾಲಿನಲ್ಲಿದ್ದ ಊನವನ್ನು ಮರ್ಯಾದೆಯ ಹೆಸರಿನಲ್ಲಿ ಜೀವಕ್ಕೇ ಹೊರಿಸಿದಂತಾಯಿತು. ಪದವನ್ನು ಹೀಗೆ ಸೀಳಿ ನೋಡುವವರು ಯಾರೆಂದು ಕೇಳಬಹುದು. ಚೇತನವು ಕನ್ನಡಿಗರಿಗೆ ಅಪರಿಚಿತ ಶಬ್ದವಲ್ಲ, ಮಕ್ಕಳಿಗೆ ಹೆಸರಿಡುವ ಶಬ್ದ. ಕಿವಿಗೆ ಬಿದ್ದೊಡನೆ ಅರ್ಥವಾಗುತ್ತದೆ. ಈ ಅಸಾಮಂಜಸ್ಯವನ್ನು ಮನಗಂಡವರು ‘ವಿಶೇಷಚೇತನ’ರೆಂದರು. 2015ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಸೂಚಿಸಿದ ‘ದಿವ್ಯಾಂಗ’ವು ಇನ್ನೂ ಮೇಲೇರಿ, ಅಂಗಕ್ಕೇ ದೈವತ್ವವನ್ನು ಆರೋಪಿಸಿತು. ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಹಲವರು ಅದನ್ನು ಒಪ್ಪಲಿಲ್ಲ. ಅವರು ಬೇಡಿದುದು ಗಾಲಿಕುರ್ಚಿ ಏರಬಲ್ಲ ಇಳಿಜಾರುಹಾದಿ, ಬ್ರೈಲ್ ಪುಸ್ತಕ, ಸಂಜ್ಞಾಭಾಷೆ ಬಲ್ಲ ದುಭಾಷಿ, ಉದ್ಯೋಗ.

ಕಛೇರಿಯೊಂದರ ಸರತಿಯಲ್ಲಿ ನಾನು ಕಂಡುದನ್ನು ಇಲ್ಲಿ ಹೇಳಬೇಕು. ಊರುಗೋಲು ಹಿಡಿದು ನಿಂತಿದ್ದ ತರುಣನೊಬ್ಬನ ಅರ್ಜಿ ಗುಮಾಸ್ತರ ಕೈಯಲ್ಲಿಯೇ ಇದ್ದಿತು. ಅವನ ಹೆಸರು ಅದರ ನೆತ್ತಿಯ ಮೇಲೆಯೇ ದಪ್ಪಕ್ಷರದಲ್ಲಿದ್ದಿತು. ಆದರೂ ಅವರು ಬಹು ವಿನಯದಿಂದ, “ವಿಕಲಚೇತನರು ಮುಂದೆ ಬನ್ನಿ” ಎಂದು ಕರೆದರು. ಅವನ ಹಿಂದಿನವರನ್ನೂ ಅವರ ಹಿಂದಿನವರನ್ನೂ ಹೆಸರು ಹಿಡಿದೇ ಕರೆದರು.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ, ತಾವಿಬ್ಬರೂ ದೃಷ್ಟಿಯಿಲ್ಲದವರಾಗಿದ್ದು, ಅಂಧ ಬಾಲಕರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದರು. 2010ರಲ್ಲಿ ಪುಟ್ಟರಾಜರು ಲಿಂಗೈಕ್ಯರಾದ ಮೇಲೆಯೂ ಆ ಸೀಮೆಯ ಜನರ ಬಾಯಲ್ಲಿ ಅವರು ‘ಗವಾಯಿಗಳು’, ‘ಅಜ್ಜಾರು’. ವಿದ್ಯೆಯೂ ವಾತ್ಸಲ್ಯವೂ ಅಲ್ಲಿ ಹೆಸರಾದುವು. ಕಣ್ಣಿನ ಸಂಗತಿಯನ್ನೇ ಹೇಳಬೇಕಾಗಿ ಬಂದಾಗ ನಮ್ಮ ಹಳ್ಳಿಯ ಹಿರಿಯರು ‘ಕಣ್ಣು ಕಾಣದವರು’, ‘ಕಿವಿ ಕೇಳದವರು’ ಎನ್ನುತ್ತಾರೆ. ಈ ಮಾತಿನ ಸೌಜನ್ಯವು ಕನ್ನಡದ ವ್ಯಾಕರಣದಲ್ಲಿಯೇ ಇದೆ. ಕಾಣದಿರುವುದು ಕಣ್ಣು, ಕೇಳದಿರುವುದು ಕಿವಿ, ಕೊನೆಯಲ್ಲಿ ಬರುವ ‘ಅವರು’ ಮಾತ್ರ ಯಾವ ಊನವೂ ಇಲ್ಲದೆ ಇಡಿಯಾಗಿ ಉಳಿಯುತ್ತಾರೆ. ನನಗೆ ಪ್ರಿಯವಾದ ಮಾತು ಇದೇ. ಆದರೆ ನನ್ನ ಪ್ರೀತಿಯೂ ಇಲ್ಲಿ ಪ್ರಮಾಣವಲ್ಲ. ತಮ್ಮ ಸಂಘಕ್ಕೆ ತಾವೇ ಹೆಸರಿಡುವಾಗ ‘ರಾಷ್ಟ್ರೀಯ ಅಂಧರ ಒಕ್ಕೂಟ’ವೆಂದು ನೇರವಾಗಿ ಹೇಳಿಕೊಂಡವರಿಗೆ ನಮ್ಮ ಬಳಸುಮಾತಿನ ಹಂಗಿಲ್ಲ.

ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಅಧಿನಿಯಮವು ಹಿಂದಿದ್ದ ವೈಕಲ್ಯದ 7 ವರ್ಗಗಳನ್ನು 21ಕ್ಕೆ ಏರಿಸಿ, ಥಲಸ್ಸೀಮಿಯಾದಿಂದ ಬಳಲುವವರನ್ನೂ ಆಸಿಡ್ ದಾಳಿಗೆ ಗುರಿಯಾದವರನ್ನೂ ಒಳಗೊಂಡಿತು. ಅನ್ಯರ ಕ್ರೌರ್ಯದಿಂದ ಮುಖ ಬೆಂದರೂ ನ್ಯಾಯಾಲಯದ ಮೆಟ್ಟಿಲೇರಿ ಸಾಕ್ಷ್ಯ ನುಡಿಯುವ ಹೆಣ್ಣುಮಗಳ ಚೇತನದಲ್ಲಿ ಯಾವ ವೈಕಲ್ಯವನ್ನು ಕಂಡು ನಾವು ಅವಳನ್ನು ‘ವಿಕಲಚೇತನ’ವೆಂಬ ಪದದೊಳಗೆ ಸೇರಿಸಿದೆವು? ನಮೂನೆಯನ್ನು ಅಚ್ಚು ಹಾಕಿಸುವ ಮುನ್ನ ಅವಳನ್ನೊಮ್ಮೆ ಕೇಳಬಹುದಾಗಿತ್ತು.