ಸಾವಯವ ಸೌರಕೋಶ: ಕಾರ್ಯವಿಧಾನ ಮತ್ತು ಬಳಸುವ ವಸ್ತುಗಳು

ಇಲ್ಲಿನ ‘ಸಾವಯವ’ ಪದಕ್ಕೂ ಸಾವಯವ ಕೃಷಿಗೂ ಸಂಬಂಧವಿಲ್ಲವೆಂಬುದನ್ನು ರೈತ ಬಾಂಧವರು ಮೊದಲು ಗಮನಿಸಬೇಕು. ಇಂಗಾಲ ಆಧಾರಿತ ಸಂಯುಕ್ತಗಳಿಂದ ತಯಾರಾದುದು ಎಂಬುದಷ್ಟೇ ಅದರ ಅರ್ಥ.

ಈ ಕೋಶದಲ್ಲಿ ಎರಡು ವಸ್ತುಗಳನ್ನು ಬೆರೆಸಿ, ಸುಮಾರು 100 ನ್ಯಾನೋಮೀಟರ್ ದಪ್ಪದ ಪದರವಾಗಿ ಲೇಪಿಸಲಾಗುತ್ತದೆ. ಒಂದು, ಎಲೆಕ್ಟ್ರಾನ್ ನೀಡುವ ಪಾಲಿಮರ್. ಇನ್ನೊಂದು, ಅದನ್ನು ಸ್ವೀಕರಿಸುವ ವಸ್ತು. ಸ್ವೀಕರಿಸುವ ವಸ್ತುವಾಗಿ ಹಿಂದೆ ಫುಲ್ಲರೀನ್ ಬಳಕೆಯಲ್ಲಿತ್ತು. 2019ರಿಂದೀಚೆಗೆ ವೈ6 ಬಗೆಯ ಅಣುಗಳು ಮುಂದಿವೆ. ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮತ್ತು ಅದು ತೆರವು ಮಾಡಿದ ಸ್ಥಾನ (ರಂಧ್ರ) ಜೋಡಿಯಾಗಿಯೇ ಚಲಿಸುತ್ತವೆ. ಸುಮಾರು 10 ನ್ಯಾನೋಮೀಟರ್ ಸಾಗುವಷ್ಟರಲ್ಲಿ ಈ ಜೋಡಿ ಎರಡು ವಸ್ತುಗಳು ಸಂಧಿಸುವ ಗಡಿಯನ್ನು ತಲುಪದಿದ್ದರೆ ಶಕ್ತಿಯು ವ್ಯರ್ಥವಾಗುತ್ತದೆ. ಆದುದರಿಂದಲೇ ವಸ್ತುಗಳನ್ನು ಬೆರೆಸುವುದು. ಗಡಿಯಲ್ಲಿ ಬೇರ್ಪಟ್ಟ ಬಳಿಕ ಅವು ಎರಡು ವಿದ್ಯುದ್ವಾರಗಳತ್ತ ಸಾಗಿ ವಿದ್ಯುತ್ ಹರಿಯುತ್ತದೆ.

1986ರಲ್ಲಿ ಚಿಂಗ್ ಟ್ಯಾಂಗ್ ಪ್ರಕಟಿಸಿದ ಕೋಶದ ದಕ್ಷತೆ ಸುಮಾರು ಶೇ. 1. ಇಂದು ಪ್ರಯೋಗಾಲಯಗಳಲ್ಲಿ ಅದು ಶೇ. 18ನ್ನು ದಾಟಿದೆ.

ಅರೆಪಾರದರ್ಶಕವಾಗಿಯೂ ತಯಾರಿಸಬಹುದಾದ್ದರಿಂದ ಪಾಲಿಹೌಸ್ ಛಾವಣಿಗೆ ಇದು ಆಕರ್ಷಕವೇ ಸರಿ. ಆದರೆ ಆಮ್ಲಜನಕ, ತೇವಾಂಶ ಮತ್ತು ನೇರಳಾತೀತ ಕಿರಣಗಳಿಂದ ಈ ವಸ್ತುಗಳು ಶಿಥಿಲಗೊಳ್ಳುತ್ತವೆ. ಪಾಲಿಹೌಸ್‌ನಲ್ಲಿ ತೇವಾಂಶಕ್ಕೇನೂ ಕೊರತೆಯಿಲ್ಲ! ಸದ್ಯಕ್ಕೆ ಪಂಪ್‌ಸೆಟ್‌ಗೆ ಸಿಲಿಕಾನ್ ಫಲಕವನ್ನೇ ಅಳವಡಿಸಿಕೊಳ್ಳಿ. ಛಾವಣಿಗೆಂದು ಈ ಹಾಳೆಯನ್ನು ಯಾರಾದರೂ ಮಾರಲು ಬಂದರೆ, ಅದು ಎಷ್ಟು ವರ್ಷ ಬಾಳುತ್ತದೆ, ಬೆಳೆಗೆ ತಲುಪುವ ಬೆಳಕನ್ನು ಶೇಕಡಾ ಎಷ್ಟು ತಗ್ಗಿಸುತ್ತದೆ ಎಂಬುದನ್ನು ಲಿಖಿತವಾಗಿ ಪಡೆದ ನಂತರವೇ ಮುಂಗಡ ನೀಡಿ.